ಗೋಡೆಯ ಮೇಲಿನ ಮೂವತ್ತೇಳನೇ ಗೂಡು

ಜರ್ಮನಿಯ ಕಲೋನ್‌ಗೆ ಯಾರೇ ಹೊಸಬರು ಬರಲಿ, ಊರಿನವರು ಅವರನ್ನು ಮೊದಲು ಕರೆದೊಯ್ಯುವುದು ಎರಡು ಕಡೆಗೆ. ಒಂದು ಡೋಮ್. 1248ರಲ್ಲಿ ಅಡಿಪಾಯ ಹಾಕಿ 1880ರಲ್ಲಿ ಕೆಲಸ ಮುಗಿಸಿದ, 157 ಮೀಟರ್ ಎತ್ತರದ ಆ ಚರ್ಚು ರೈಲು ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ ನಿಂತಿರುತ್ತದೆ. ಇನ್ನೊಂದು, ಅದರ ಸುತ್ತಮುತ್ತಲೇ ಇರುವ ಯಾವುದಾದರೂ ದೊಡ್ಡ ಬ್ರೌಹೌಸ್, ಅಂದರೆ ಬಿಯರ್ ಹಜಾರ. ನೂರಾರು ಜನ ಕೂರುವ ಹಜಾರ, ಉದ್ದುದ್ದ ಮರದ ಮೇಜು, ನೀಲಿ ಏಪ್ರನ್ ಕಟ್ಟಿ ದುಂಡು ತಟ್ಟೆಯಲ್ಲಿ ಗ್ಲಾಸುಗಳನ್ನು ಸಿಕ್ಕಿಸಿಕೊಂಡು ಓಡಾಡುವ ಮಾಣಿಗಳು. ಗ್ಲಾಸು ಖಾಲಿಯಾದರೆ ನಮ್ಮನ್ನು ಕೇಳುವುದೇ ಇಲ್ಲ, ಇನ್ನೊಂದು ತಂದಿಟ್ಟುಬಿಡುತ್ತಾರೆ. ಸಾಕು ಎನ್ನಬೇಕಾದರೆ ಕೆಳಗಿನ ರಟ್ಟನ್ನು ತೆಗೆದು ಗ್ಲಾಸಿನ ಬಾಯಿಗೆ ಮುಚ್ಚಬೇಕು. ಊರಿಂದ ಬಂದ ನೆಂಟರನ್ನೆಲ್ಲ ನಾನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ, ಎಲ್ಲರೂ ಖುಷಿಪಟ್ಟಿದ್ದಾರೆ.

ಆದರೆ ಈ ಊರಿನಲ್ಲಿ ನನಗೆ ನೆಲೆ ಕೊಟ್ಟದ್ದು ಬೇರೆಯೇ ಜಾಗ. ಪ್ರವಾಸಿಗರ ಪುಸ್ತಕದಲ್ಲಿ ಅದರ ಹೆಸರಿಲ್ಲ. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ, ಅಲ್ಲಿಗೆ ಬರುವವರಿಗೆ ಅದು ಇಷ್ಟವಾಗಲಿಕ್ಕಿಲ್ಲ. ನಗರದ ಉತ್ತರಕ್ಕಿರುವ ನಿಪ್ಪೆಸ್ ಬಡಾವಣೆಯಲ್ಲಿ, ಎರಡು ಸಣ್ಣ ಬೀದಿಗಳು ಕೂಡುವ ಮೂಲೆಯಲ್ಲಿರುವ ಒಂದು ಕ್ನೈಪೆ, ಅಂದರೆ ಅಕ್ಕಪಕ್ಕದವರು ಬಂದು ಕೂರುವ ಸಣ್ಣ ಬಾರು. ಕಟ್ಟಡದ ಮೂಲೆಯನ್ನೇ ಓರೆಯಾಗಿ ಕತ್ತರಿಸಿ ಅಲ್ಲಿ ಬಾಗಿಲಿಟ್ಟಿದ್ದಾರೆ, ಯಾವ ಬೀದಿಯಿಂದ ಬಂದರೂ ಬಾಗಿಲು ಎದುರಿಗೇ ಸಿಗುತ್ತದೆ. ಜರ್ಮನಿಯ ಹಳೆಯ ಕಾರ್ಮಿಕ ಬಡಾವಣೆಗಳಲ್ಲೆಲ್ಲ ಇಂಥ ಮೂಲೆ ಕ್ನೈಪೆಗಳಿದ್ದವು.

ನಿಪ್ಪೆಸ್ ಕಲೋನ್ ನಗರಕ್ಕೆ ಸೇರಿದ್ದು 1888ರಲ್ಲಿ. 1862ರಲ್ಲಿ ಹುಟ್ಟಿದ ಕ್ಲೌತ್ ರಬ್ಬರ್ ಕಾರ್ಖಾನೆ ದೊಡ್ಡದಾದದ್ದು ಇಲ್ಲಿ. ರೈಲು ಗಾಡಿಗಳನ್ನು ರಿಪೇರಿ ಮಾಡುವ ದೊಡ್ಡ ವರ್ಕ್‌ಶಾಪ್ ಇದ್ದದ್ದೂ ಇಲ್ಲಿ. ಪಕ್ಕದ ನೀಲ್‌ನಲ್ಲಿ ಫೋರ್ಡ್ ಕಾರ್ಖಾನೆ. 1930ರಲ್ಲಿ ಅದರ ಅಡಿಗಲ್ಲು ಇಡಲು ಹೆನ್ರಿ ಫೋರ್ಡ್ ಖುದ್ದಾಗಿ ಬಂದಿದ್ದರು, ಜೊತೆಗೆ ನಿಂತಿದ್ದವರು ಆಗ ಮೇಯರ್ ಆಗಿದ್ದ, ಮುಂದೆ ದೇಶದ ಚಾನ್ಸಲರ್ ಆದ ಕೊನ್ರಾಡ್ ಅಡೆನವರ್. ಪಾಳಿ ಮುಗಿಸಿ ಬಂದ ಜನ ಮನೆಗೆ ಹೋಗುವ ಮುಂಚೆ ಹತ್ತು ನಿಮಿಷ ನಿಲ್ಲಲಿಕ್ಕೆ ಬೀದಿಗೊಂದು ಜಾಗ ಬೇಕಿತ್ತು. ಈಗ ರಬ್ಬರ್ ಕಾರ್ಖಾನೆಯ ಜಾಗದಲ್ಲಿ ಅಪಾರ್ಟ್‌ಮೆಂಟುಗಳಿವೆ, ರೈಲು ವರ್ಕ್‌ಶಾಪಿನ ಜಾಗದಲ್ಲಿ ಕಾರುಗಳಿಗೆ ಪ್ರವೇಶವಿಲ್ಲದ ಬಡಾವಣೆಯಿದೆ. ಫೋರ್ಡ್ ಇದೆ. ನಮ್ಮ ಮೂಲೆ ಕ್ನೈಪೆಯೂ ಇದೆ.

ಅದರ ಎದುರಿನಿಂದಲೇ ದಿನಾ ಓಡಾಡುತ್ತಿದ್ದರೂ ನಾನು ಎಷ್ಟೋ ಕಾಲ ಒಳಗೆ ಹೋಗಿರಲಿಲ್ಲ. ಹೋಗಲು ಧೈರ್ಯ ಬರಲೇ ಇಲ್ಲ. ಕಾಫಿ ಅಂಗಡಿಯಾದರೆ ಗಾಜಿನಿಂದ ಒಳಗಿನದೆಲ್ಲ ಕಾಣುತ್ತದೆ, ಎಲ್ಲಿ ಕೂರಬೇಕೆಂದು ಹೊರಗೇ ತೀರ್ಮಾನಿಸಬಹುದು. ಈ ಕ್ನೈಪೆಯ ಕಿಟಕಿಗಳಿಗೆ ಹಾಕಿರುವುದು ಹಳದಿ ಬಣ್ಣದ ದಪ್ಪ ಗಾಜು, ಬಾಟಲಿಯ ತಳದಂತೆ ಉಬ್ಬಿದ ಬಿಲ್ಲೆಗಳನ್ನು ಜೋಡಿಸಿದ್ದು. ಹೊರಗಿನಿಂದ ಕಾಣುವುದು ಬೆಳಕು ಮತ್ತು ಅಲುಗಾಡುವ ನೆರಳು, ಅಷ್ಟೇ. ಒಳಗಿರುವವರು ಎಷ್ಟು ಜನ, ಹೆಂಗಸರಿದ್ದಾರೋ ಇಲ್ಲವೋ, ನನ್ನಂಥ ಮುಖ ಕಂಡರೆ ಮಾತು ನಿಲ್ಲುತ್ತದೋ, ಒಂದೂ ತಿಳಿಯುವುದಿಲ್ಲ. ಬಾರ್ ಎಂಬ ಮಾತನ್ನೇ ದನಿ ತಗ್ಗಿಸಿ ಆಡುತ್ತಿದ್ದ ಮನೆಯಲ್ಲಿ ಬೆಳೆದ ಹೆಣ್ಣುಮಗಳಿಗೆ, ಒಬ್ಬಳೇ ಅಂಥ ಬಾಗಿಲು ತಳ್ಳುವುದೆಂದರೆ ಸಣ್ಣ ಮಾತಲ್ಲ. ಇದನ್ನು ಓದುತ್ತಿರುವ ಹೆಂಗಸರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ನನ್ನನ್ನು ಒಳಗೆ ಎಳೆದದ್ದು ವಾಸನೆ. ನವೆಂಬರಿನ ಒಂದು ಶುಕ್ರವಾರ. ಆ ತಿಂಗಳಲ್ಲಿ ಇಲ್ಲಿ ಸಂಜೆ ಐದರೊಳಗೇ ಕತ್ತಲು. ಆ ಮೂಲೆಗೆ ಬರುತ್ತಿದ್ದಂತೆ ಬಿಸಿ ಎಣ್ಣೆಯಲ್ಲಿ ಆಲೂಗಡ್ಡೆ, ಈರುಳ್ಳಿ ಬೇಯುವ ವಾಸನೆ. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಇಂದು ರೈಬೆಕೂಹೆನ್' ಎಂದು ಬರೆದಿತ್ತು. ಆಲೂಗಡ್ಡೆ ತುರಿದು, ಈರುಳ್ಳಿ ಮೊಟ್ಟೆ ಸೇರಿಸಿ, ಅಂಚು ಗರಿಗರಿಯಾಗುವಂತೆ ಕರಿದ ರೊಟ್ಟಿ ಅದು. ರೈನ್ ನದಿಯ ಈ ಸೀಮೆಯ ಕ್ಯಾಥೊಲಿಕರು ಶುಕ್ರವಾರ ಮಾಂಸ ತಿನ್ನದ ರೂಢಿಯಿಟ್ಟುಕೊಂಡಿದ್ದರು. ಚರ್ಚಿಗೆ ಹೋಗುವುದನ್ನು ಬಿಟ್ಟವರೂ ಶುಕ್ರವಾರದ ಈ ತಿಂಡಿಯನ್ನು ಬಿಟ್ಟಿಲ್ಲ. ವಾರದ ಉಳಿದ ದಿನ ಈ ಊರಿನ ಕ್ನೈಪೆಗಳಲ್ಲಿ ಮಾಂಸ ತಿನ್ನದವರಿಗೆ ಸಿಗುವುದು ಹೆಚ್ಚೆಂದರೆ ರೈ ಬನ್ನು, ಚೀಸು, ಸಾಸಿವೆ. ಶುಕ್ರವಾರ ಮಾತ್ರ ನಾನು ತಿನ್ನುವುದನ್ನೇ ಎಲ್ಲರೂ ತಿನ್ನುತ್ತಾರೆ. ನಾನು ಶುಕ್ರವಾರದ ಗಿರಾಕಿಯಾದದ್ದಕ್ಕೆ ಇದೇ ಕಾರಣ. ಮುಂದೆ ಅದರಿಂದಲೇ ಬಹಳಷ್ಟು ಸಂಗತಿಗಳು ಕೂಡಿಬಂದವು.

ಬಾಗಿಲು ತೆರೆದರೆ ಇನ್ನೊಂದು ಅಡ್ಡಿ: ಚಳಿ ಒಳಗೆ ಬರದಿರಲೆಂದು ಅರ್ಧಚಂದ್ರಾಕಾರದ ಸರಳಿಗೆ ತೂಗುಬಿಟ್ಟ ದಪ್ಪನೆಯ ಕಂಬಳಿ ಪರದೆ. ಅದನ್ನು ಎರಡೂ ಕೈಯಲ್ಲಿ ಸರಿಸಿ ಒಳಗೆ ಬಂದೆ. ಕೆಲವರು ತಿರುಗಿ ನೋಡಿದರು, ಒಬ್ಬಿಬ್ಬರು ತಲೆಯಾಡಿಸಿದರು, ಮಾತು ಮುಂದುವರಿಯಿತು. ಕೌಂಟರಿನ ಹಿಂದಿದ್ದ ಯಜಮಾನಿಗೆ ಅರವತ್ತರ ಆಸುಪಾಸು, ಮೂಗಿನ ತುದಿಗೆ ಜಾರಿದ ಕನ್ನಡಕ. ಅವರು ಕೇಳಿದ ಮೊದಲ ಪ್ರಶ್ನೆ ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ: "ಸೇಬಿನ ಗೊಜ್ಜು ಬೇಕಾ, ಬೀಟ್ ಪಾಕ ಬೇಕಾ?"

ಪರದೇಶದಲ್ಲಿ ಇರುವವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು. ಇಲ್ಲಿ ನಮ್ಮನ್ನು ಮೊದಲ ಸಲ ಕಂಡವರು ಕೇಳುವುದು 'ಎಲ್ಲಿಯವರು' ಎಂದು. ಕೇಳುವವರು ಕೆಟ್ಟವರಲ್ಲ, ಕುತೂಹಲದಿಂದಲೇ ಕೇಳುತ್ತಾರೆ. ಆದರೆ ದಿನಕ್ಕೆ ಎರಡು ಸಲ ಅದಕ್ಕೆ ಉತ್ತರ ಕೊಟ್ಟು ಕೊಟ್ಟು, ನಾನೇ ನನ್ನ ದೇಶದ ಮಾಹಿತಿ ಕೇಂದ್ರವಾಗಿಬಿಟ್ಟೆನೇನೋ ಅನ್ನಿಸುತ್ತದೆ. ಆ ಯಜಮಾನಿಗೆ ಬೇಕಿದ್ದದ್ದು ನಾನು ರೊಟ್ಟಿಯನ್ನು ಯಾವುದರ ಜೊತೆ ತಿನ್ನುತ್ತೇನೆ ಎಂಬ ಉತ್ತರ. ಬೀಟ್ ಪಾಕ ಎಂದೆ. ಸಕ್ಕರೆ ಬೀಟ್‌ರೂಟನ್ನು ಕುದಿಸಿ ಇಳಿಸಿದ ಆ ಕಪ್ಪು ಪಾಕ ನಮ್ಮ ಜೋನಿಬೆಲ್ಲದ ಹಾಗೇ ಇರುತ್ತದೆ, ಅದೇ ಅಂಟು, ಅದೇ ಒಗರು ಸಿಹಿ. ನನ್ನ ಊರು ಯಾವುದೆಂದು ಆ ಮನೆಯಲ್ಲಿ ಯಾರಾದರೂ ಕೇಳುವ ಹೊತ್ತಿಗೆ ಚಳಿಗಾಲ ಮುಗಿದಿತ್ತು. ಅಷ್ಟರಲ್ಲಿ ನಾನು ಯಾವ ಸ್ಟೂಲಿನ ಮೇಲೆ ಕೂರುತ್ತೇನೆ, ಯಾವ ತಿಂಗಳು ಕಚೇರಿಯಲ್ಲಿ ಕೆಲಸ ಜಾಸ್ತಿ, ಮೇಲಿನ ಮನೆಯವರ ನಲ್ಲಿ ಸೋರಿ ನನ್ನ ಗೋಡೆ ಹೇಗೆ ಹಾಳಾಗಿದೆ ಎಂಬುದೆಲ್ಲ ಅವರಿಗೆ ಗೊತ್ತಾಗಿತ್ತು.

ಬಿಯರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಊರಿನವರು ನನ್ನನ್ನು ಕ್ಷಮಿಸುವುದಿಲ್ಲ. ಇಲ್ಲಿ ಕುಡಿಯುವುದು ಕೋಲ್ಶ್. ತೆಳು ಹೊಂಬಣ್ಣ, ಸುಮಾರು ಶೇಕಡಾ 5ರ ಒಳಗಿನ ಆಲ್ಕೋಹಾಲು. ಯಾವುದನ್ನು ಕೋಲ್ಶ್ ಎಂದು ಕರೆಯಬಹುದು, ಯಾವುದನ್ನು ಕರೆಯಬಾರದು ಎಂದು 1986ರಲ್ಲಿ 24 ಬ್ರೂವರಿಗಳು ಕೂತು ಒಪ್ಪಂದಕ್ಕೆ ಸಹಿ ಹಾಕಿವೆ. 1997ರಿಂದ ಯೂರೋಪಿನ ಒಕ್ಕೂಟವೂ ಆ ಹೆಸರಿಗೆ ರಕ್ಷಣೆ ಕೊಟ್ಟಿದೆ. ಕಲೋನ್ ಮತ್ತು ಅದರ ಆಸುಪಾಸಿನಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ನಲವತ್ತು ಕಿಲೋಮೀಟರ್ ದೂರದ ಡ್ಯುಸೆಲ್‌ಡಾರ್ಫ್‌ನವರು ಕುಡಿಯುವ ಕಂದು ಬಣ್ಣದ ಬಿಯರ್ ಬಗ್ಗೆ ಇಲ್ಲಿ ಒಳ್ಳೆಯ ಮಾತಾಡುವವರನ್ನು ನಾನಿನ್ನೂ ಕಂಡಿಲ್ಲ.

ನನಗೆ ಮುಖ್ಯವಾದದ್ದು ಗ್ಲಾಸು. ಬವೇರಿಯಾದಲ್ಲಿ ಒಂದು ಲೀಟರಿನ ಮಗ್ಗು ಕೊಡುತ್ತಾರೆ, ಅದನ್ನು ಮುಗಿಸುವವರೆಗೆ ಕೂತಿರಲೇಬೇಕು. ಇಲ್ಲಿನದು 200 ಮಿಲಿಲೀಟರಿನ, ಬೆರಳುಗಳ ಮಧ್ಯೆ ಹಿಡಿಯಬಹುದಾದ ನೇರ, ತೆಳು ಗ್ಲಾಸು. ಕೋಲ್ಶ್ ಬಹಳ ಬೇಗ ನೊರೆ ಕಳೆದುಕೊಂಡು ಸಪ್ಪೆಯಾಗುತ್ತದೆ, ಅದಕ್ಕೇ ಸ್ವಲ್ಪ ಸ್ವಲ್ಪ ಕೊಡುವುದು. ಇದರಿಂದ ಆಗುವ ಉಪಕಾರ ದೊಡ್ಡದು. ಒಂದೇ ಗ್ಲಾಸು ಕುಡಿದು ಎದ್ದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಎರಡು ಯೂರೋ ಚಿಲ್ಲರೆ ಕೊಟ್ಟರೆ ಆಯಿತು. ಒಂದು ಗ್ಲಾಸು ಕೊಟ್ಟಾಗ ರಟ್ಟಿನ ಅಂಚಿನ ಮೇಲೆ ಪೆನ್ಸಿಲಿನಿಂದ ಒಂದು ಗೀಟು, ನಾಲ್ಕು ಗೀಟಿನ ಮೇಲೆ ಐದನೆಯದು ಅಡ್ಡಡ್ಡ. ಲೆಕ್ಕಪುಸ್ತಕವೇ ಆ ರಟ್ಟು, ಅದು ಗಿರಾಕಿಯ ಮುಂದೆಯೇ ಬಿದ್ದಿರುತ್ತದೆ. ಯಾರಾದರೂ ಅಳಿಸಿದ್ದನ್ನು ನಾನು ನೋಡಿಲ್ಲ.

ಕುಡಿಯದವರಿಗೂ ಅಲ್ಲಿ ಜಾಗವಿದೆ, ಅದಕ್ಕೆ ಕಾನೂನಿನ ಬೆಂಬಲವೂ ಇದೆ. ಮದ್ಯ ಮಾರುವ ಪ್ರತಿ ಹೋಟೆಲು, ಬಾರು ಕಡೇಪಕ್ಷ ಒಂದಾದರೂ ಮದ್ಯವಲ್ಲದ ಪಾನೀಯವನ್ನು, ತನ್ನಲ್ಲಿರುವ ಅತಿ ಅಗ್ಗದ ಮದ್ಯಕ್ಕಿಂತ ಹೆಚ್ಚಲ್ಲದ ಬೆಲೆಗೆ ಕೊಡಬೇಕು ಎಂದು ಜರ್ಮನಿಯ ಕಾಯ್ದೆ ಹೇಳುತ್ತದೆ. ಕುಡಿದು ಅಮಲೇರಿದ್ದು ಮೇಲುನೋಟಕ್ಕೇ ಗೊತ್ತಾಗುತ್ತಿರುವವರಿಗೆ ಮತ್ತೆ ಮದ್ಯ ಕೊಡಬಾರದು ಎಂದೂ ಹೇಳುತ್ತದೆ. ಈ ಎರಡನೆಯದನ್ನು ನಮ್ಮ ಯಜಮಾನಿ ಕಾಯ್ದೆಗಿಂತ ಬಿಗಿಯಾಗಿ ಪಾಲಿಸುತ್ತಾರೆ. ಒಬ್ಬಾತನ ಮುಂದಿನ ರಟ್ಟನ್ನು ಎತ್ತಿಕೊಂಡು, ಲೆಕ್ಕ ಕೂಡಿಸಿ, "ಇವತ್ತಿಗೆ ಇಷ್ಟು, ನಾಳೆ ಬಾ" ಎಂದು ಕೋಟು ತಂದುಕೊಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ. ಆತ ಗೊಣಗಿದ. ಮಾರನೇ ದಿನ ಬಂದ. ಕುಡಿತ ಎಷ್ಟು ಮನೆಗಳನ್ನು ಮುರಿದಿದೆ ಎಂದು ಬಲ್ಲವಳಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಒಬ್ಬನೇ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಡಿಯುವವನಿಗೆ ರಟ್ಟು ಎತ್ತಿಕೊಳ್ಳುವವರು ಯಾರೂ ಇರುವುದಿಲ್ಲ.

ಒಳಗಿನ ರೀತಿ ರಿವಾಜುಗಳನ್ನು ಯಾರೂ ಹೇಳಿಕೊಡಲಿಲ್ಲ, ನೋಡಿ ಕಲಿತೆ. ಕಿಟಕಿಯ ಪಕ್ಕದ ದುಂಡು ಮೇಜು ಖಾಯಂ ಗಿರಾಕಿಗಳದ್ದು, ಮೇಲೆ ಹಿತ್ತಾಳೆಯ ಫಲಕವಿದೆ. ಖಾಲಿಯಿದ್ದರೂ ಹೋಗಿ ಕೂರುವಂತಿಲ್ಲ. ಆ ಮೇಜಿಗೆ ಬರುವವರು ಒಬ್ಬೊಬ್ಬರ ಕೈ ಕುಲುಕುತ್ತಾ ಸುತ್ತುವುದಿಲ್ಲ. ಬಗ್ಗಿಸಿದ ಬೆರಳ ಗೆಣ್ಣಿನಿಂದ ಮೇಜಿನ ಮರವನ್ನು ಎರಡು ಸಲ ಟಕಟಕ ಬಡಿಯುತ್ತಾರೆ, ಎಲ್ಲರಿಗೂ ನಮಸ್ಕಾರ ಸಂದಂತೆ. ಹೊರಡುವಾಗಲೂ ಹಾಗೇ. ನಾನು ಕೌಂಟರಿನ ಸ್ಟೂಲಿನಿಂದ ಆ ಮೇಜಿಗೆ ಬಂದದ್ದು ಒಂದು ಆಟದ ದೆಸೆಯಿಂದ. ಸ್ಕಾಟ್ ಎಂಬ ಇಸ್ಪೀಟಾಟಕ್ಕೆ ಮೂವರು ಬೇಕು, ಅವತ್ತು ಇಬ್ಬರೇ ಇದ್ದರು. 32 ಎಲೆ, ಹರಾಜು ಕೂಗುವ ಲೆಕ್ಕ, ಬಹಳ ಗೋಜಲಿನ ಆಟ. ಒಬ್ಬ ಅಜ್ಜ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ನನ್ನ ಎಲೆಗಳನ್ನು ಬೆರಳಿನಿಂದ ತೋರಿಸುತ್ತಾ ಇಡೀ ಸಂಜೆ ಆಡಿಸಿದರು. ಮೂವತ್ತು ವರ್ಷ ರಬ್ಬರ್ ಕಾರ್ಖಾನೆಯಲ್ಲಿ ದುಡಿದವರು, 2005ರಲ್ಲಿ ಅದು ಮುಚ್ಚುವವರೆಗೂ ಅಲ್ಲೇ ಇದ್ದವರು. ಅವರ ಜರ್ಮನ್ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ಬೆರಳು ಪೂರ್ತಿ ತಿಳಿಯಿತು.

ಈಗ ಗೂಡಿನ ವಿಷಯಕ್ಕೆ ಬರುತ್ತೇನೆ. ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ.

ಶೌಚಾಲಯದ ಕಡೆ ಹೋಗುವ ಓಣಿಯ ಗೋಡೆಯ ಮೇಲೆ ತಗಡಿನದೊಂದು ಪೆಟ್ಟಿಗೆ ತೂಗುಹಾಕಿದೆ. ಬೂದು ಬಣ್ಣ, ಅಂಚಿನಲ್ಲಿ ಅಲ್ಲಲ್ಲಿ ತುಕ್ಕು, ಮುಂಭಾಗದಲ್ಲಿ ಸಾಲುಸಾಲಾಗಿ ಸಣ್ಣ ಸೀಳುಗಳು, ಒಂದೊಂದು ಸೀಳಿಗೂ ಒಂದೊಂದು ನಂಬರು. ಅಪಾರ್ಟ್‌ಮೆಂಟಿನ ಅಂಚೆ ಪೆಟ್ಟಿಗೆಗಳನ್ನು ಕುಗ್ಗಿಸಿ ಒಂದೇ ಹಲಗೆಯೊಳಗೆ ಕೂರಿಸಿದ್ದಾರೇನೋ ಎಂದುಕೊಂಡಿದ್ದೆ. ಅದು ಉಳಿತಾಯದ ಪೆಟ್ಟಿಗೆ. ಜರ್ಮನಿಯ ಹಳೆಯ ಕ್ನೈಪೆಗಳಲ್ಲಿ ಉಳಿತಾಯ ಸಂಘಗಳಿರುತ್ತವೆ. ಸದಸ್ಯರಿಗೆ ಒಬ್ಬೊಬ್ಬರಿಗೆ ಒಂದು ಗೂಡು. ವಾರಕ್ಕೆ ಇಷ್ಟು ಎಂದು ಕನಿಷ್ಠ ಮೊತ್ತ ಗೊತ್ತುಮಾಡಿರುತ್ತಾರೆ, ನಮ್ಮಲ್ಲಿ ಐದು ಯೂರೋ. ಶುಕ್ರವಾರ ರಾತ್ರಿಯೊಳಗೆ ಅದನ್ನು ನಿಮ್ಮ ಸೀಳಿನಲ್ಲಿ ಹಾಕಬೇಕು. ಹಾಕದಿದ್ದರೆ ಒಂದು ಯೂರೋ ದಂಡ. ವರ್ಷದ ಕೊನೆಗೆ, ಕ್ರಿಸ್‌ಮಸ್‌ಗೆ ಮುಂಚೆ, ಅವರವರ ಹಣ ಅವರವರ ಕೈಗೆ. ದಂಡದ ಹಣದಲ್ಲಿ ಎಲ್ಲರಿಗೂ ಊಟ.

ಕಾರ್ಮಿಕರ ಕೈಯಲ್ಲಿ ಸಂಬಳ ನಿಲ್ಲದ ಕಾಲದಲ್ಲಿ ಈ ಏರ್ಪಾಡು ಹುಟ್ಟಿದ್ದಕ್ಕೆ ಅರ್ಥವಿತ್ತು. ದುಡ್ಡು ಕರಗುವ ಜಾಗದಲ್ಲೇ ದುಡ್ಡು ಉಳಿಸುವ ಪೆಟ್ಟಿಗೆ. ಈಗ ಯಾರಿಗೂ ಅದರ ಅಗತ್ಯವಿಲ್ಲ, ಎಲ್ಲರಿಗೂ ಬ್ಯಾಂಕಿನ ಖಾತೆಯಿದೆ, ಫೋನಿದೆ. ಯೂರೋಪಿನ ಕೇಂದ್ರ ಬ್ಯಾಂಕು 2014ರಲ್ಲಿ ತನ್ನ ಠೇವಣಿ ದರವನ್ನು ಸೊನ್ನೆಗಿಂತ ಕೆಳಗಿಳಿಸಿತು, 2022ರವರೆಗೆ ಅದು ಮೇಲೇಳಲಿಲ್ಲ. ಆ ವರ್ಷಗಳಲ್ಲಿ ಸಂಘದ ಖಾತೆಗೆ ಬಡ್ಡಿಯೆಂಬುದೇ ಇರಲಿಲ್ಲ. ಆದರೂ ಒಂದು ಗೂಡು ತೆರವಾದರೆ ಅದಕ್ಕೆ ಕಾದುಕೊಂಡಿರುವವರಿದ್ದರು. ಯಾಕೆ ಎಂದು ನನಗೆ ಮೊದಲು ಅರ್ಥವಾಗಲಿಲ್ಲ.

ಪೆಟ್ಟಿಗೆ ತೆರೆಯುವುದನ್ನು ಒಮ್ಮೆ ಹತ್ತಿರ ಕೂತು ನೋಡಿದ ಮೇಲೆ ಅರ್ಥವಾಯಿತು. ಎರಡು ಬೀಗ, ಎರಡು ಕೀಲಿ, ಇಬ್ಬರ ಕೈಯಲ್ಲಿ ಒಂದೊಂದು. ಮುಂಬಾಗಿಲು ಕೆಳಕ್ಕೆ ಮಗುಚಿದರೆ ಒಳಗೆ ಬೆಂಕಿಪೊಟ್ಟಣದ ಗಾತ್ರಕ್ಕಿಂತ ಸ್ವಲ್ಪ ದೊಡ್ಡ ತಗಡಿನ ಗೂಡುಗಳು. ಒಬ್ಬರು ಗೂಡಿನೊಳಗೆ ಬೆರಳು ಹಾಕಿ ಮಡಿಚಿದ ನೋಟನ್ನು ಎಳೆದು, ನಂಬರು ಮತ್ತು ಮೊತ್ತ ಕೂಗುತ್ತಾರೆ. ಇನ್ನೊಬ್ಬರು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. "ಏಳು, ಹತ್ತು. ಎಂಟು, ಐದು. ಒಂಬತ್ತು, ಖಾಲಿ." ಖಾಲಿ ಎಂದಾಗ ಮೇಜಿನ ಸುತ್ತ ಕೂತವರೆಲ್ಲ ತಲೆ ಎತ್ತುತ್ತಾರೆ. "ಒಂಬತ್ತು ಎಲ್ಲಿ?" "ಮಗಳ ಮನೆಗೆ ಹೋಗಿದ್ದಾನೆ, ಸೋಮವಾರ ಬರುತ್ತಾನೆ." ದಂಡ ಬರೆದಾಯಿತು, ಮುಂದಿನ ನಂಬರು. ಯಾರೂ ಉತ್ತರ ಕೊಡದಿದ್ದರೆ ಆ ನಂಬರಿನ ಪಕ್ಕ ಸಣ್ಣದೊಂದು ಚುಕ್ಕೆ. ಎರಡು ವಾರ ಸತತ ಚುಕ್ಕೆ ಬಿದ್ದರೆ ಯಾರಾದರೂ ಹೋಗಿ ಮನೆಯ ಗಂಟೆ ಒತ್ತಬೇಕು. ಇದು ಸಂಘದ ನಿಯಮಗಳಲ್ಲಿ ಎಲ್ಲೂ ಬರೆದಿಲ್ಲ.

ವಿದೇಶದಲ್ಲಿ ನಮಗೆ ಕಾಡುವ ಒಂಟಿತನದ ಬಗ್ಗೆ ಬಹಳ ಜನ ಬಹಳ ಬರೆದಿದ್ದಾರೆ. ಜನರಿಲ್ಲ, ಭಾಷೆಯಿಲ್ಲ, ಊಟ ಸೇರುವುದಿಲ್ಲ ಎಂದು. ನನ್ನ ಅನುಭವದಲ್ಲಿ ಇವೆಲ್ಲ ಹೇಗೋ ಒದಗುತ್ತವೆ. ಕನ್ನಡದವರ ಗುಂಪುಗಳಿವೆ, ಹಬ್ಬಕ್ಕೆ ಸೇರುತ್ತೇವೆ, ಸಹೋದ್ಯೋಗಿಗಳು ಒಳ್ಳೆಯವರು. ಬರುವವರನ್ನು ಬರಮಾಡಿಕೊಳ್ಳುವ ಜಾಗಗಳು ಬೇಕಾದಷ್ಟಿವೆ. ಇಲ್ಲದಿರುವುದು ನಾವು ಬರದಿದ್ದಾಗ ಗಮನಿಸುವ ಜಾಗ. ಒಂಟಿಯಾಗಿ ಬದುಕುವವಳು ಶುಕ್ರವಾರ ಸಂಜೆ ಕಚೇರಿ ಬಿಟ್ಟರೆ ಸೋಮವಾರ ಬೆಳಗ್ಗೆಯವರೆಗೆ ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ಆ ಇಡೀ ನಗರದಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಬಚ್ಚಲಲ್ಲಿ ಕಾಲು ಜಾರಿ ಬಿದ್ದರೆ? ಊರಲ್ಲಿರುವ ಅಮ್ಮನಿಗೆ ಫೋನ್ ಎತ್ತದಿದ್ದರೆ ಗಾಬರಿಯಾಗುತ್ತದೆ, ಆದರೆ ಆಕೆ ಯಾರಿಗೆ ಫೋನ್ ಮಾಡಬೇಕು? ಈ ಯೋಚನೆ ರಾತ್ರಿ ಹೊತ್ತು ಬಂದಿಲ್ಲದ ಅನಿವಾಸಿ ಹೆಣ್ಣುಮಗಳು ಇರಲಾರಳು. ಒಬ್ಬರ ಗೈರುಹಾಜರಿಗೆ ಒಂದು ಯೂರೋ ಬೆಲೆ ಕಟ್ಟಿ, ಅದನ್ನು ಗಟ್ಟಿಯಾಗಿ ಕೂಗಿ, ಪುಸ್ತಕದಲ್ಲಿ ಬರೆದಿಡುವ ಈ ಏರ್ಪಾಡು ಕಂಡಾಗ ನನಗೆ ಗಂಟಲು ಕಟ್ಟಿತು. ನನಗೂ ಒಂದು ಗೂಡು ಬೇಕು ಎಂದು ಕೇಳಿದೆ. ಕಾಯಬೇಕಾಯಿತು. ಮೂವತ್ತೇಳನೆಯದು ತೆರವಾದದ್ದು ಒಬ್ಬ ಅಜ್ಜಿ ಮಗನಿರುವ ಊರಿಗೆ ಹೊರಟಾಗ. ಆಕೆಯೇ ಬಂದು ಗೂಡು ತೋರಿಸಿ, "ಸೀಳು ಸ್ವಲ್ಪ ಬಿಗಿ, ನೋಟನ್ನು ನಾಲ್ಕು ಮಡಿಕೆ ಮಾಡು" ಎಂದು ಹೇಳಿಹೋದರು.

ಹಂಚಿಕೆಯ ರಾತ್ರಿಯ ಊಟ ನೀವು ನೋಡಬೇಕು. ಹುರಿದ ಮಾಂಸ, ಕೆಂಪು ಕೋಸು, ಆಲೂಗಡ್ಡೆಯ ಕಡುಬು. ಹೆಸರಿನ ಬದಲು ನಂಬರು ಬರೆದ ಲಕೋಟೆಗಳು. ಒಬ್ಬೊಬ್ಬರೂ ತಮ್ಮ ನಂಬರಿಗೆ ಕೈ ಎತ್ತಿ ಎದ್ದುಹೋಗಿ ತರುತ್ತಾರೆ, ಪ್ರತಿಯೊಬ್ಬರಿಗೂ ಚಪ್ಪಾಳೆ. ವರ್ಷದಲ್ಲಿ ಅತಿ ಹೆಚ್ಚು ದಂಡ ಕಟ್ಟಿದವರಿಗೆ ದೊಡ್ಡ ಚಪ್ಪಾಳೆ, ಊಟ ಅವರದ್ದೇ ಅಲ್ಲವೇ. ನನಗಾಗಿ ಯಜಮಾನಿ ಒಂದು ತಟ್ಟೆ ರೈಬೆಕೂಹೆನ್ ಬೇರೆ ಮಾಡಿಟ್ಟಿರುತ್ತಾರೆ, ಅವತ್ತು ಶುಕ್ರವಾರ ಅಲ್ಲದಿದ್ದರೂ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಶುರುವಾಗುವ ಮೊದಲು ನಡೆಯುವ ಕಾರ್ನಿವಲ್ ಹಬ್ಬದ ಬಗ್ಗೆ ಬರೆದರೆ ಅದೇ ಒಂದು ಬರಹವಾದೀತು. ಒಂದನ್ನು ಮಾತ್ರ ಹೇಳುತ್ತೇನೆ. ಆ ದಿನಗಳಲ್ಲಿ ಈ ಊರಿನ ಕ್ನೈಪೆಗಳು ಹುಲ್ಲು ತುಂಬಿದ ಆಳೆತ್ತರದ ಗೊಂಬೆಯೊಂದನ್ನು ಬಾಗಿಲ ಮೇಲೆ ಕೂರಿಸುತ್ತವೆ. ಅದರ ಹೆಸರು ನುಬ್ಬೆಲ್. ಮಂಗಳವಾರ ರಾತ್ರಿ, ಬೂದಿ ಬುಧವಾರ ಶುರುವಾಗುವ ಮುಂಚೆ, ಅದನ್ನು ಕೆಳಗಿಳಿಸಿ ಬೀದಿಯಲ್ಲಿ ವಿಚಾರಣೆ ನಡೆಸುತ್ತಾರೆ. ಪಾದ್ರಿಯ ವೇಷ ಹಾಕಿದವನೊಬ್ಬ ಆರೋಪಪಟ್ಟಿ ಓದುತ್ತಾನೆ: ಸಂಬಳವೆಲ್ಲ ಕುಡಿದು ಮುಗಿಸಿದ್ದು ಯಾರ ತಪ್ಪು? ಫುಟ್‌ಬಾಲ್ ತಂಡ ಸೋತದ್ದು ಯಾರ ತಪ್ಪು? ಸುತ್ತ ಮೇಣದಬತ್ತಿ ಹಿಡಿದು ನಿಂತವರೆಲ್ಲ ಒಕ್ಕೊರಲಿನಿಂದ 'ನುಬ್ಬೆಲ್‌ನದು' ಎಂದು ಕೂಗುತ್ತಾರೆ. ಆಮೇಲೆ ಅದನ್ನು ಸುಡುತ್ತಾರೆ. ನಮ್ಮ ನುಬ್ಬೆಲ್‌ಗೆ ಒಂದು ವರ್ಷ ನನ್ನ ಹಳೆಯ ಹಸಿರು ಸ್ವೆಟರ್ ತೊಡಿಸಿದ್ದರು. ಆ ವರ್ಷದ ಆರೋಪಪಟ್ಟಿಯಲ್ಲಿ ನನ್ನ ಮೇಲಿನ ಮನೆಯ ಸೋರುವ ನಲ್ಲಿಯೂ ಸೇರಿತ್ತು. ಅಷ್ಟು ಜನ ಸೇರಿ ನನ್ನ ನಲ್ಲಿಯ ತಪ್ಪನ್ನು ನುಬ್ಬೆಲ್‌ನ ತಲೆಗೆ ಕಟ್ಟಿ ಕೂಗಿದ್ದನ್ನು ಕೇಳಿ, ಮೇಣದಬತ್ತಿ ಹಿಡಿದುಕೊಂಡೇ ಕಣ್ಣೊರೆಸಿಕೊಂಡೆ.

2020ರ ಮಾರ್ಚ್ ಮಧ್ಯದಲ್ಲಿ ಎಲ್ಲ ಬಾಗಿಲು ಹಾಕಿದವು. ಬೇಸಿಗೆಯಲ್ಲಿ ತೆರೆದು, ನವೆಂಬರ್ 2ರಿಂದ ಮತ್ತೆ ಮುಚ್ಚಿ, ಮುಂದಿನ ವರ್ಷದವರೆಗೂ ಹಾಗೇ. ಆ ಮೊದಲ ಏಪ್ರಿಲಿನಲ್ಲಿ ನನ್ನ ಮನೆಯಲ್ಲಿ ನನ್ನ ದನಿಯನ್ನು ನಾನು ಕೇಳುತ್ತಿದ್ದದ್ದು ಕಂಪ್ಯೂಟರಿನ ಎದುರು ಮಾತ್ರ. ಒಂದು ಶುಕ್ರವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು. "ಮೂವತ್ತೇಳು?" ಯಜಮಾನಿಯ ದನಿ. ಹೌದು ಎಂದೆ. "ಜ್ವರ ಇಲ್ಲ ತಾನೇ? ಊಟ ಮಾಡ್ತಾ ಇದ್ದೀಯಾ?" ಇಲ್ಲ, ಊಟ ಮಾಡ್ತಾ ಇದ್ದೀನಿ ಎಂದೆ. "ಸರಿ. ಮೂವತ್ತೆಂಟಕ್ಕೆ ಮಾಡಬೇಕು, ಇಡ್ತೀನಿ." ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಒಂದರಿಂದ ಕೊನೆಯವರೆಗೆ ಎಲ್ಲರಿಗೂ ಮಾಡುತ್ತಿದ್ದರು. ಕ್ನೈಪೆ ಮುಚ್ಚಿದ್ದಷ್ಟು ಕಾಲವೂ ಮಾಡಿದರು. ಬಾಡಿಗೆ ಕಟ್ಟುವುದು ಹೇಗೆಂಬ ಚಿಂತೆಯಲ್ಲಿ ಆಕೆ ಅರ್ಧ ಸೊರಗಿಹೋಗಿದ್ದರು ಎಂಬುದು ನಮಗೆ ತಿಳಿದದ್ದು ಬಹಳ ಆಮೇಲೆ. ಬಾಗಿಲು ತೆರೆದ ದಿನ ಸಂಘದವರೆಲ್ಲ ಸೇರಿ, ಆ ತಿಂಗಳುಗಳಿಗೆ ಪೂರ್ತಿ ದಂಡ ಬರೆಯಬೇಕು ಎಂದು ಪಟ್ಟು ಹಿಡಿದೆವು. ಕಾರಣ ಏನೇ ಇರಲಿ, ಗೂಡು ಖಾಲಿಯಿತ್ತಲ್ಲ. ಆ ಹಣವನ್ನು ಬಾಡಿಗೆಗೆ ಕೊಟ್ಟೆವು.

ಈಗ ಹೋದ ವಾರದ ಮಾತು. ಹನ್ನೆರಡನೇ ಗೂಡಿಗೆ ಎರಡನೇ ಚುಕ್ಕೆ ಬಿತ್ತು. ಹನ್ನೆರಡು ಎಂದರೆ ತುರ್ಕಿಯಿಂದ ಇಪ್ಪತ್ತರ ಹರೆಯದಲ್ಲಿ ಬಂದು ಫೋರ್ಡ್‌ನಲ್ಲಿ ದುಡಿದು ನಿವೃತ್ತರಾದವರು. ಮದ್ಯ ಮುಟ್ಟುವುದಿಲ್ಲ, ಸೇಬಿನ ರಸಕ್ಕೆ ಸೋಡಾ ಬೆರೆಸಿ ಕುಡಿಯುತ್ತಾ ದಶಕಗಳಿಂದ ಅದೇ ಕುರ್ಚಿಯಲ್ಲಿ ಕೂರುತ್ತಿದ್ದಾರೆ. 1961ರಲ್ಲಿ ಎರಡು ದೇಶಗಳ ನಡುವೆ ಆದ ಕಾರ್ಮಿಕ ಒಪ್ಪಂದದ ನಂತರ ಸಾವಿರಾರು ತುರ್ಕಿ ಯುವಕರು ಆ ಕಾರ್ಖಾನೆಗೆ ಬಂದರು. 1973ರಲ್ಲಿ ಬೇಸಿಗೆ ರಜೆ ಮುಗಿಸಿ ತಡವಾಗಿ ಮರಳಿದ ಸುಮಾರು ಮುನ್ನೂರು ಜನರನ್ನು ಕೆಲಸದಿಂದ ತೆಗೆದಾಗ ಆಗಸ್ಟ್ ಕೊನೆಯಲ್ಲಿ ಅಲ್ಲಿ ದೊಡ್ಡ ಮುಷ್ಕರ ನಡೆಯಿತು. ಅದು ಈ ದೇಶದ ಕಾರ್ಮಿಕ ಚರಿತ್ರೆಯಲ್ಲಿ ದಾಖಲಾಗಿರುವ ಸಂಗತಿ. ಆಗ ಅಲ್ಲಿ ನಿಂತು ಘೋಷಣೆ ಕೂಗಿದವರಲ್ಲಿ ಹನ್ನೆರಡೂ ಒಬ್ಬರು. ತಡವಾಗಿ ಬಂದವರ ಕಥೆಯನ್ನು ಅವರು ನನಗೆ ಬಿಡಿಬಿಡಿಯಾಗಿ, ಬೇರೆ ಬೇರೆ ಶುಕ್ರವಾರಗಳಂದು ಹೇಳಿದ್ದಾರೆ.

ಹೋಗಿ ನೋಡಿ ಬರುವ ಸರದಿ ನನಗೆ ಬಂತು, ಅವರ ಮನೆ ನನ್ನ ದಾರಿಯಲ್ಲೇ. ವಿಲ್ಹೆಲ್ಮ್ ಚೌಕದ ಸಂತೆಯಿಂದ ಕಿತ್ತಳೆ ಹಣ್ಣು ಕೊಂಡು, ಮೂರನೇ ಮಹಡಿ ಹತ್ತಿ ಗಂಟೆ ಒತ್ತಿದೆ. ಎಷ್ಟೋ ಹೊತ್ತು ಸದ್ದಿಲ್ಲ. ಆಮೇಲೆ ಒಳಗೆ ಕೋಲಿನ ಟಕ್ ಟಕ್. ಬಾಗಿಲು ತೆರೆದವರ ಪಾದಕ್ಕೆ ಬ್ಯಾಂಡೇಜು. ಮೆಟ್ಟಿಲಲ್ಲಿ ಹೊರಳಿತಂತೆ, ಲಿಫ್ಟಿಲ್ಲದ ಮನೆ, ಇಳಿಯಲಾಗುತ್ತಿಲ್ಲ, ಮಗ ಮ್ಯೂನಿಕ್‌ನಲ್ಲಿ. ಫೋನು ಮಾಡಬಹುದಿತ್ತಲ್ಲ ಎಂದೆ. "ಯಾಕೆ? ಈ ವಾರ ಯಾರಾದರೂ ಬರುತ್ತೀರಿ ಅಂತ ಗೊತ್ತಿತ್ತು" ಎಂದರು. ಚಹಾ ಮಾಡಿಕೊಟ್ಟೆ, ಅಥವಾ ನಾನು ಮಾಡಲು ಹೋಗಿ ಅವರು ಕೂತಲ್ಲಿಂದಲೇ ಹೇಳುತ್ತಾ ತಮಗೆ ಬೇಕಾದ ಹಾಗೆ ಮಾಡಿಸಿಕೊಂಡರು. ಹೊರಡುವಾಗ ಪರ್ಸು ತೆಗೆದು ಐದರ ಎರಡು ನೋಟು, ಜೊತೆಗೆ ಎರಡು ನಾಣ್ಯ ಕೊಟ್ಟರು. ಕಾಲು ನೋವಿತ್ತಲ್ಲ, ದಂಡ ಬೇಡ, ಯಜಮಾನಿಗೆ ನಾನು ಹೇಳುತ್ತೇನೆ ಎಂದು ನಾಣ್ಯ ವಾಪಸು ಕೊಡಹೋದೆ. ಅವರು ನನ್ನ ಕೈ ಮುಚ್ಚಿಸಿದರು.

"ಬರೆಸು. ಡಿಸೆಂಬರಿನಲ್ಲಿ ನನಗೆ ದೊಡ್ಡ ಚಪ್ಪಾಳೆ ಬೇಕು."